ಇನ್ನೊಂದು ವರ್ಷ ಬಿಡಿ: ದೇವಾಲಯದ ಹಿತ್ತಲಿನ ಮಣ್ಣಿನಿಂದ ನಾವು ಕಲಿತದ್ದು



ಕಳೆದ ಜೂನ್‌ನಲ್ಲಿ ದೇವಾಲಯದ ಹಿತ್ತಲಲ್ಲಿ ನಮ್ಮ ಯುವಜನರ ಗುಂಪು 60 ಟೊಮೇಟೊ ಸಸಿ, 40 ಬದನೆ ಸಸಿ ನೆಟ್ಟಿತ್ತು. ಜುಲೈ ಮುಗಿಯುವ ಹೊತ್ತಿಗೆ ಜೀವ ಹಿಡಿದುಕೊಂಡಿದ್ದವು ಒಂಬತ್ತೇ ಒಂಬತ್ತು. ಭಾನುವಾರ ಬಲಿಪೂಜೆ ಮುಗಿಸಿ ಆ ಕಡೆಯಿಂದ ಹೋಗುವಾಗ ನೀವೆಲ್ಲ ಅದನ್ನು ನೋಡಿದ್ದೀರಿ. ಕೆಲವರು ನಕ್ಕಿರಿ, ಕೆಲವರು ಸಮಾಧಾನ ಹೇಳಿದಿರಿ. ನಮಗೆ ನಗುವಿಗಿಂತ ಹೆಚ್ಚು ಚುಚ್ಚಿದ್ದು ಬೇರೆ ವಿಷಯ. ತಿಂಗಳ ಮೊದಲ ಶುಕ್ರವಾರ ಗುರುಗಳು ಪರಮಪ್ರಸಾದ ಒಯ್ಯುವ 11 ಮನೆಗಳಿವೆಯಲ್ಲ, ಎದ್ದು ದೇವಾಲಯಕ್ಕೆ ಬರಲಾಗದ ಹಿರಿಯರ ಮನೆಗಳು, ಅಲ್ಲಿಗೆಲ್ಲ ಅದೇ ದಿನ ಒಂದೊಂದು ಚೀಲ ತರಕಾರಿ ತಲುಪಿಸುತ್ತೇವೆಂದು ನಾವು ಮೈಕಿನಲ್ಲಿ ಪ್ರಕಟಣೆ ಮಾಡಿದ್ದೆವು. ಆಗಸ್ಟ್ ತಿಂಗಳ ಮೊದಲ ಶುಕ್ರವಾರ ಬರಿಗೈಯಲ್ಲಿ ಹೋದೆವು. ಒಬ್ಬ ಅಜ್ಜಿ ನಾವು ಕೇಳದೆಯೇ, "ಆಗ್ಲಿ ಬಿಡ್ರಪ್ಪ, ಬಂದ್ರಲ್ಲ ಅಷ್ಟೇ ಸಾಕು" ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಅದೇ ತಿಂಗಳು ಪಾಲನಾ ಪರಿಷತ್ತಿನ ಸಭೆಯಲ್ಲಿ ಹಿತ್ತಲಿನ ವಿಷಯ ಬಂತು. ಜಾಗ ಸುಮ್ಮನೆ ಬಿದ್ದಿದೆ, ಇಂಟರ್‌ಲಾಕ್ ಟೈಲ್ಸ್ ಹಾಸಿದರೆ ಬೈಕು ನಿಲ್ಲಿಸಲು ಆಗುತ್ತದೆ, ಮದುವೆ ದಿನಗಳಲ್ಲಿ ರಸ್ತೆಯಲ್ಲಿ ನಿಲ್ಲಿಸುವ ಕಷ್ಟ ತಪ್ಪುತ್ತದೆ ಎಂಬ ಸಲಹೆ. ನ್ಯಾಯವಾದ ಸಲಹೆಯೇ. ನಾವು ಎದ್ದು ನಿಂತು ಒಂದೇ ಮಾತು ಕೇಳಿದೆವು: ಇನ್ನೊಂದು ವರ್ಷ ಕೊಡಿ. ಯಾರೋ ಹಿರಿಯರು, "ಇದು ಅಂಜೂರದ ಮರದ ಸಾಮತಿಯಂತೆಯೇ ಆಯ್ತು" ಎಂದು ನಕ್ಕರು. ಮುಂದಿನ ಆಗಸ್ಟ್‌ವರೆಗೆ ಗಡುವು ಸಿಕ್ಕಿತು. ಆ ಗಡುವಿನಲ್ಲಿ ಅರ್ಧ ಈಗ ಮುಗಿದಿದೆ. ಅದರಲ್ಲಿ ಏನು ಕಲಿತೆವೆಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಹೊಸೂರು ಸುತ್ತಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡ ನಮ್ಮವರ ಹಿತ್ತಲುಗಳ ಕಥೆಯೂ ಹೆಚ್ಚುಕಡಿಮೆ ಇದೇ ಇರಬಹುದು.

ಆ ಸಾಮತಿಯನ್ನು ಆ ರಾತ್ರಿ ಮನೆಗೆ ಹೋಗಿ ಮತ್ತೆ ಓದಿದೆವು. ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯ. ಮೂರು ವರ್ಷ ಹಣ್ಣು ಹುಡುಕಿ ಬೇಸತ್ತ ಯಜಮಾನ ಮರ ಕಡಿ ಅನ್ನುತ್ತಾನೆ. ತೋಟಗಾರ ಒಂದು ವರ್ಷ ಕೇಳುತ್ತಾನೆ. ಎಷ್ಟೋ ಬಾರಿ ಕೇಳಿದ್ದ ಕಥೆ, ಆದರೆ ಅವನು ಏನು ಮಾಡುತ್ತೇನೆಂದು ಹೇಳುತ್ತಾನೆ ಎಂಬುದನ್ನು ನಾವು ಗಮನಿಸಿರಲೇ ಇಲ್ಲ. ಮರಕ್ಕೆ ಏನೂ ಮಾಡುತ್ತೇನೆಂದು ಅವನು ಹೇಳುವುದಿಲ್ಲ. ಸುತ್ತ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ, ಎರಡೇ. ಎರಡೂ ಮಣ್ಣಿಗೆ ಮಾಡುವ ಕೆಲಸ. ನಾವು ಜೂನ್‌ನಲ್ಲಿ ಮಾಡಿದ್ದು ಇದಕ್ಕೆ ತಿರುಗುಮುರುಗು: ಸಸಿಯ ಮೇಲೆ ಎಲ್ಲ ಅಕ್ಕರೆ, ಮಣ್ಣಿನ ಕಡೆ ನೋಡಲೇ ಇಲ್ಲ.

ಅದು ಮಣ್ಣೇ ಆಗಿರಲಿಲ್ಲ

ನಮ್ಮ ಗುಂಪಿನಲ್ಲಿ ಬಿಎಸ್ಸಿ ಓದಿದವರಿದ್ದಾರೆ. ಆಮ್ಲ, ಪ್ರತ್ಯಾಮ್ಲ, ಟೈಟ್ರೇಶನ್ ಎಲ್ಲ ಬಾಯಿಪಾಠ. ಆದರೂ ಕಾರಣ ಕಂಡುಹಿಡಿದದ್ದು ನಾವಲ್ಲ. ತಳಿ ಕಡೆಯ ಹಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಜ್ಜಿ ಒಂದು ಹಿಡಿ ತೆಗೆದು ಮೂಸಿ ನೋಡಿ ಕೆಳಗೆ ಹಾಕಿದರು. "ಪಾಯ ತೆಗ್ದ ಮಣ್ಣು ಮೇಲೆ ಹಾಕವ್ರೆ. ಇದ್ರಾಗೆ ಹುಚ್ಚೆಳ್ಳೂ ಆಗಲ್ಲ." ಹುಚ್ಚೆಳ್ಳು ನಮ್ಮ ಸೀಮೆಯಲ್ಲಿ ಏನೂ ಬೆಳೆಯದ ಬಡ ಹೊಲದಲ್ಲೂ ಬರುವ ಬೆಳೆ ಎಂದು ಗೊತ್ತಿದ್ದವರಿಗೆ ಆ ಮಾತಿನ ಕಹಿ ಅರ್ಥವಾಗುತ್ತದೆ.

ಅವರು ಹೇಳಿದ್ದು ಅಕ್ಷರಶಃ ನಿಜ. ಪಕ್ಕದಲ್ಲಿ ಸಭಾಂಗಣ ಕಟ್ಟುವಾಗ ಹಿತ್ತಲಿನ ಮೇಲ್ಮಣ್ಣನ್ನು ಜೆಸಿಬಿಯಲ್ಲಿ ಕೆರೆದು ಲಾರಿಗೆ ತುಂಬಿ ಕಳಿಸಿದ್ದರು. ಪಾಯದಿಂದ ಬಂದ ಕೆಳಮಣ್ಣು, ಒಡೆದ ಇಟ್ಟಿಗೆ, ಉಳಿದ ಗಾರೆ ಎಲ್ಲ ಅದೇ ಜಾಗದಲ್ಲಿ ಹರಡಿ ರೋಲರ್ ಓಡಿಸಿದ್ದರು. ಅದರ ಮೇಲೆ ಎರಡು ವರ್ಷ ಲಾರಿ ಓಡಾಡಿತ್ತು. ಮೇಲಿನಿಂದ ನೋಡಿದರೆ ಚೆನ್ನಾದ ಕೆಮ್ಮಣ್ಣೇ, ಬಣ್ಣದಲ್ಲಿ ಏನೂ ಕಡಿಮೆಯಿಲ್ಲ. ಅಲ್ಲೇ ನಾವು ಮೋಸಹೋದದ್ದು. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನ ಬಣ್ಣ. ಅದು ಹತ್ತಡಿ ಆಳದಲ್ಲೂ ಹಾಗೇ ಇರುತ್ತದೆ. ಬೆಳೆ ಬೆಳೆಸುವ ಗುಣ ಇರುವುದು ಮೇಲಿನ ಅರ್ಧ ಅಡಿಯಲ್ಲಿ. ನೂರಾರು ವರ್ಷ ಎಲೆ, ಬೇರು, ಸಗಣಿ ಕೊಳೆತು ಆದ ಪದರ ಅದು. ಒಂದು ಅಂಗುಲ ಮೇಲ್ಮಣ್ಣು ತಾನಾಗಿ ಆಗಲು ಹಲವು ತಲೆಮಾರು ಬೇಕು. ಜೆಸಿಬಿಗೆ ಅರ್ಧ ದಿನ ಸಾಕು.

ಹಾಗಾದರೆ ನಾವು ಮಾಡಿದ ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇವೆ. ಸಸಿ ಮೇಲೇಳುತ್ತಿಲ್ಲವೆಂದು ಕೋಳಿ ಫಾರಂನಿಂದ ಹಸಿ ಗೊಬ್ಬರ ಎರಡು ಮೂಟೆ ತಂದು ಬುಡಕ್ಕೇ ಸುರಿದೆವು. ನಾಲ್ಕೇ ದಿನದಲ್ಲಿ ಎಲೆಯ ಅಂಚು ಸುಟ್ಟಂತಾಯಿತು. ಕೋಳಿಗೊಬ್ಬರದಲ್ಲಿ ಸಾರಜನಕ ದನದ ಗೊಬ್ಬರಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಸಿಯಾಗಿದ್ದಾಗ ಅದು ಅಮೋನಿಯ ಆಗಿ ಬಿಡುಗಡೆಯಾಗುತ್ತದೆ, ಉಪ್ಪಿನಂಶವೂ ಜಾಸ್ತಿ. ಮೂಗು ಉರಿಯುವ ಆ ವಾಸನೆಯೇ ಎಚ್ಚರಿಕೆ, ರಸಾಯನಶಾಸ್ತ್ರ ಓದಿದವರಿಗಾದರೂ ಗೊತ್ತಾಗಬೇಕಿತ್ತು. ಒಣ ಎಲೆಯ ಜೊತೆ ಬೆರೆಸಿ ಎರಡು ತಿಂಗಳಾದರೂ ಕೊಳೆಸಿದರೆ ಅದೇ ಗೊಬ್ಬರ ಬಂಗಾರ.

ಮೊದಲು ನೋಡಿ, ಆಮೇಲೆ ಅಗೆಯಿರಿ

ಎರಡನೆಯ ಸಲ ನಾವು ಸಸಿ ಮುಟ್ಟುವ ಮೊದಲು ಮೂರು ವಾರ ಬರೀ ಮಣ್ಣು ನೋಡಿದೆವು. ಜ್ಞಾನೋಪದೇಶದ ಮಕ್ಕಳೂ ಸೇರಿಕೊಂಡರು. ಅವರಿಗೆ ತುಂಬ ಇಷ್ಟವಾದದ್ದು ಬಾಟಲಿ ಪರೀಕ್ಷೆ. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಬಟ್ಟೆ ಸೋಪಿನ ಪುಡಿ ಸೇರಿಸಿ ಚೆನ್ನಾಗಿ ಕುಲುಕಿ ಮೇಜಿನ ಮೇಲಿಡಿ. ಒಂದೆರಡು ನಿಮಿಷದಲ್ಲಿ ಮರಳು ಕೆಳಗೆ ಕೂರುತ್ತದೆ. ಒಂದೆರಡು ಗಂಟೆಯಲ್ಲಿ ಗೋಡು. ಜೇಡಿ ಕೂರಲು ಒಂದು ದಿನ, ಕೆಲವೊಮ್ಮೆ ಎರಡು ದಿನ. ಕೊಳೆತ ಎಲೆ ಬೇರಿನ ಚೂರು ಮೇಲೆ ತೇಲುತ್ತವೆ. ಮಕ್ಕಳು ತಮ್ಮ ತಾತನ ರಾಗಿ ಹೊಲದ ಮಣ್ಣನ್ನೂ ಒಂದು ಬಾಟಲಿಯಲ್ಲಿ ತಂದಿದ್ದರು. ಅದರ ನೀರಿನ ಮೇಲೆ ಕಪ್ಪು ಚೂರುಗಳ ಒಂದು ಪದರ. ನಮ್ಮ ಹಿತ್ತಲಿನ ಬಾಟಲಿಯಲ್ಲಿ ಮೇಲೆ ಏನೂ ಇರಲಿಲ್ಲ. ಐದನೇ ತರಗತಿಯ ಹುಡುಗಿಯೊಬ್ಬಳು, "ನಮ್ಮ ಮಣ್ಣು ಉಪವಾಸ ಇದೆ" ಅಂದಳು. ಅದಕ್ಕಿಂತ ಚೆನ್ನಾಗಿ ನಮಗೆ ಹೇಳಲು ಬರುವುದಿಲ್ಲ.

ಎರಡನೆಯದು ವಿನೆಗರ್. ಒಂದು ಚಮಚ ಒಣ ಮಣ್ಣಿನ ಮೇಲೆ ಅಡುಗೆ ವಿನೆಗರ್ ಹನಿಸಿದರೆ ಗಾರೆ, ಸುಣ್ಣ ಇರುವ ಕಡೆ ಬುಸಬುಸ ನೊರೆ ಬರುತ್ತದೆ. ಹೊಲದ ಮಣ್ಣು ಸುಮ್ಮನಿತ್ತು. ಹಿತ್ತಲಿನ ಮಣ್ಣು, ಅದರಲ್ಲೂ ಗೋಡೆ ಪಕ್ಕದ್ದು, ಸೋಡಾ ಬಾಟಲಿ ತೆರೆದಂತೆ ಉಕ್ಕಿತು. ಮೂರನೆಯದಕ್ಕೆ ಒಂದಡಿ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಗಡಿಯಾರ ನೋಡಿದೆವು. ಎರಡನೇ ಸಲ ನಾಲ್ಕು ಗಂಟೆಯೊಳಗೆ ಇಂಗಿದರೆ ಚಿಂತೆಯಿಲ್ಲ. ನಮ್ಮ ಗುಂಡಿಯಲ್ಲಿ ಮರುದಿನ ಬೆಳಿಗ್ಗೆಯ ಪೂಜೆಗೆ ಬಂದಾಗಲೂ ನೀರು ನಿಂತಿತ್ತು. ಅಂದರೆ ಬೇರಿಗೆ ಉಸಿರಾಡಲು ಜಾಗವೇ ಇಲ್ಲ.

ಇವು ಮನೆಯ ಪರೀಕ್ಷೆಗಳು. ಅಂಕಿ ಬೇಕೆಂದರೆ ಸರ್ಕಾರದ ಮಣ್ಣು ಪರೀಕ್ಷಾ ಕೇಂದ್ರಕ್ಕೇ ಕೊಡಬೇಕು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ 12 ಅಂಶಗಳನ್ನು ನೋಡಿ ಬರೆದುಕೊಡುತ್ತಾರೆ. ಮಾದರಿ ತೆಗೆಯುವ ಕ್ರಮ ತಪ್ಪಿದರೆ ಫಲಿತಾಂಶವೂ ತಪ್ಪು. ಒಂದೇ ಕಡೆ ತೆಗೆಯಬೇಡಿ. ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ವಿ ಆಕಾರದಲ್ಲಿ ಅರ್ಧ ಅಡಿ ಗುಂಡಿ ಮಾಡಿ, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ಕೆರೆಯಿರಿ. ಎಲ್ಲ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ಬಿಸಾಡಿ, ಹೀಗೆ ಅರ್ಧ ಕಿಲೋ ಉಳಿಯುವವರೆಗೆ ಮಾಡಿ ನೆರಳಲ್ಲಿ ಒಣಗಿಸಿ. ಗೊಬ್ಬರ ಗುಂಡಿ ಪಕ್ಕ, ಮರದ ಬುಡ ಬಿಟ್ಟುಬಿಡಿ. ನಮಗೆ ಬಂದ ಚೀಟಿಯಲ್ಲಿ ರಸಸಾರ, ಅಂದರೆ ಪಿಎಚ್, 8.3. ತರಕಾರಿಗಳಲ್ಲಿ ಹೆಚ್ಚಿನವು 6ರಿಂದ 7ರ ನಡುವೆ ಸುಖವಾಗಿರುತ್ತವೆ. ಸಾವಯವ ಇಂಗಾಲ ಶೇಕಡಾ 0.2. ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಉತ್ತಮ ಎಂಬ ಲೆಕ್ಕ. ಹುಡುಗಿ ಹೇಳಿದ್ದನ್ನೇ ಚೀಟಿ ಅಂಕಿಯಲ್ಲಿ ಹೇಳಿತ್ತು.

ಇಲ್ಲಿ ಒಂದು ಪ್ರಶ್ನೆ ನೀವು ಕೇಳಬಹುದು, ನಾವೂ ಕೇಳಿಕೊಂಡೆವು. ಸಾರ ಕಡಿಮೆಯಿದ್ದರೆ ಯೂರಿಯಾ ಹಾಕಿದರೆ ಮುಗಿಯಿತಲ್ಲ? ಲೆಕ್ಕ ಮಾಡೋಣ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇಕಡಾ ಅರ್ಧ. 20 ಕಿಲೋ ಗೊಬ್ಬರ ಹೊತ್ತರೆ ಸಿಗುವುದು 100 ಗ್ರಾಂ ಸಾರಜನಕ. ಅದೂ ಮೊದಲ ವರ್ಷ ಪೂರ್ತಿ ಗಿಡಕ್ಕೆ ದಕ್ಕುವುದಿಲ್ಲ. ಯೂರಿಯಾದಲ್ಲಿ ಶೇಕಡಾ 46. ಅಷ್ಟೇ ಸಾರಜನಕಕ್ಕೆ 220 ಗ್ರಾಂ ಸಾಕು, ಒಂದು ಲೋಟ. ಬೆನ್ನು ನೋವಿಲ್ಲ. ಆದರೆ ಉಳಿದ ಹತ್ತೊಂಬತ್ತು ಚಿಲ್ಲರೆ ಕಿಲೋ ಇದೆಯಲ್ಲ, ಮಣ್ಣಿಗೆ ಬೇಕಾಗಿರುವುದು ಅದು. ಮಣ್ಣಿನ ಕಣಗಳನ್ನು ಸಣ್ಣ ಉಂಡೆಗಳಾಗಿ ಹಿಡಿದಿಡುವುದು, ಉಂಡೆಗಳ ನಡುವೆ ಗಾಳಿ ಉಳಿಸುವುದು, ಮಳೆ ನೀರು ಹೀರಿಟ್ಟುಕೊಳ್ಳುವುದು, ಎರೆಹುಳಕ್ಕೆ ಊಟವಾಗುವುದು ಎಲ್ಲ ಆ ಕೊಳೆತ ಪದಾರ್ಥದ ಕೆಲಸ. ಕೆಮ್ಮಣ್ಣಿಗೆ ಇದು ಇನ್ನೂ ಅಗತ್ಯ. ಅದು ಬೇಗ ಒಣಗುತ್ತದೆ, ಜೋರು ಮಳೆ ಬಿದ್ದು ಬಿಸಿಲು ಬಂದರೆ ಮೇಲೆ ಅಪ್ಪಳದಂತೆ ಹೆಪ್ಪುಗಟ್ಟುತ್ತದೆ. ಯೂರಿಯಾ ಮೇಲೆ ನಮಗೆ ದ್ವೇಷವಿಲ್ಲ. ಹೊಲದವರು ಹಾಕುತ್ತಾರೆ, ಹಾಕಲಿ. ಹೊಟ್ಟೆಗಿಲ್ಲದವನಿಗೆ ಟಾನಿಕ್ ಕುಡಿಸಿದಂತೆ ಮಾತ್ರ ಆಗಬಾರದು.

ತಿಪ್ಪೆ ಎಂಬ ಮಾತು

ನಮ್ಮ ಗುಂಪಿನವರು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪಕ್ಕದ ಬೀದಿಯಲ್ಲಿ ತೆಲುಗು ಆಡಿ ಬೆಳೆದವರು. ಗೊಬ್ಬರಕ್ಕೆ ತಮಿಳಿನಲ್ಲಿ ಎರು, ತೆಲುಗಿನಲ್ಲಿ ಎರುವು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ತಿಪ್ಪೆ ಅಂದರೆ ಮಾತ್ರ ನಮ್ಮಲ್ಲಿ ಹಲವರು ಬೈಗುಳ ಅಂದುಕೊಂಡಿದ್ದರು! ತಳಿಯ ಅಜ್ಜಿಯೇ ಹೇಳಿದ್ದು: ಅವರ ಮನೆಯಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯ ತಿಪ್ಪೆ ಎಷ್ಟು ದೊಡ್ಡದಿದೆ ಎಂದು ನೋಡಿಬರುತ್ತಿದ್ದರಂತೆ. ದಿನದ ಸಗಣಿ, ದನ ತುಳಿದ ಹುಲ್ಲು, ಗಂಜಲ ಹೀರಿದ ಮಣ್ಣು, ಒಲೆ ಬೂದಿ, ರಾಗಿ ಹೊಟ್ಟು, ಅವರೆ ಸಿಪ್ಪೆ, ಎಲ್ಲ ಒಂದೇ ಕಡೆ. ವರ್ಷಕ್ಕೊಮ್ಮೆ ಗಾಡಿಯಲ್ಲಿ ಹೊಲಕ್ಕೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹರಳು, ಸಾಸಿವೆ. ಅವರೆಯ ಬೇರಿನ ಗಂಟು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆಂದು ನಾವು ಪುಸ್ತಕದಲ್ಲಿ ಓದಿದ್ದೆವು. ಓದದೆಯೇ ಮಾಡುತ್ತಿದ್ದವರ ಮೊಮ್ಮಕ್ಕಳು ನಾವು, ಅವರನ್ನು ಕೇಳುವ ಬುದ್ಧಿ ಬಂದದ್ದು ನೂರು ಸಸಿ ಒಣಗಿದ ಮೇಲೆ.

ಹಳೆಯದೆಲ್ಲ ಸರಿ ಎಂದು ಹೇಳುತ್ತಿಲ್ಲ. ಬಯಲಲ್ಲಿ ಬಿಸಿಲು ಮಳೆಗೆ ಬಿದ್ದ ತಿಪ್ಪೆಯಿಂದ ಸಾರಜನಕ ಅರ್ಧಕ್ಕರ್ಧ ಗಾಳಿಗೂ ಚರಂಡಿಗೂ ಹೋಗುತ್ತದೆ. ಗೊಬ್ಬರವನ್ನು ಹೊಲದಲ್ಲಿ ಗುಪ್ಪೆಗುಪ್ಪೆಯಾಗಿ ಹಾಕಿ ವಾರಗಟ್ಟಲೆ ಬಿಡುವುದೂ ನಷ್ಟ. ಹರಡಿದ ದಿನವೇ ಮಣ್ಣಿಗೆ ಬೆರೆಸಬೇಕು. ಒಲೆ ಬೂದಿ ಪೊಟ್ಯಾಷ್ ಕೊಡುತ್ತದೆ, ಆದರೆ ಅದು ಪ್ರತ್ಯಾಮ್ಲ. ನಮ್ಮಂತೆ ಗಾರೆ ಬೆರೆತ ಮಣ್ಣಿಗೆ ಬೂದಿ ಹಾಕಿದರೆ ಗಾಯಕ್ಕೆ ಉಪ್ಪು. ಹಸಿ ಸಗಣಿ, ಕೋಳಿಗೊಬ್ಬರದ ಜೊತೆ ಬೂದಿ ಬೆರೆಸಿದರೂ ಅಮೋನಿಯ ಹಾರಿಹೋಗುತ್ತದೆ.

ನಮ್ಮ ತಿಪ್ಪೆಯನ್ನು ದೇವಾಲಯದ ಅಂಗಳದಿಂದಲೇ ಕಟ್ಟಿದೆವು. ಪ್ರತಿ ಶನಿವಾರ ಗುಡಿಸಿ ಬೆಂಕಿ ಹಚ್ಚುತ್ತಿದ್ದ ಒಣ ಎಲೆ ಮೊದಲು ನಿಂತಿತು. ಬಲಿಪೀಠದ ಹೂ, ಮದುವೆ ಹಾರ, ನವೆಂಬರ್ 2ರ ಮೃತರ ಸ್ಮರಣೆಯ ಮರುದಿನ ಸಮಾಧಿಭೂಮಿಯಿಂದ ಬಂದ ಚೆಂಡುಹೂ ಏಳು ಮೂಟೆ. ಗುಲಾಬಿ ಬೆಳೆಯುವ ಊರಲ್ಲಿ ಹೂವಿಗೇನು ಬರ. ಆದರೆ ಹೂ ತರುವವರಲ್ಲಿ ಒಂದು ವಿನಂತಿ: ನೈಲಾನ್ ದಾರ, ಜರಿ, ತಂತಿ ಬಿಡಿಸುವುದಕ್ಕೇ ನಮ್ಮ ಮೂರು ಸಂಜೆ ಹೋಯಿತು. ಹೂಗುಚ್ಛ ಚುಚ್ಚುವ ಹಸಿರು ಸ್ಪಂಜು ಪ್ಲಾಸ್ಟಿಕ್ಕೇ, ಎಂದಿಗೂ ಕೊಳೆಯುವುದಿಲ್ಲ, ಪುಡಿಯಾಗಿ ಮಣ್ಣಲ್ಲಿ ಉಳಿಯುತ್ತದೆ. ಬಾಳೆನಾರಿನಲ್ಲಿ ಕಟ್ಟಿಸಿದ ಹಾರವಾದರೆ ಹಾಗೇ ಗುಂಡಿಗೆ ಹಾಕಬಹುದು.

ಗಾರೆ ರಾಶಿಯಿಂದ ಆರಿಸಿದ ಇಟ್ಟಿಗೆಯನ್ನೇ ಸಂದು ಬಿಟ್ಟು ಜೋಡಿಸಿ ನಾಲ್ಕಡಿ ಉದ್ದ, ಅಗಲ, ಎತ್ತರದ ತೊಟ್ಟಿ ಮಾಡಿದೆವು. ಮೂರಡಿಗಿಂತ ಚಿಕ್ಕದಾದರೆ ಶಾಖ ನಿಲ್ಲುವುದಿಲ್ಲ. ಒಂದು ಗೇಣು ಒಣ ಎಲೆ, ಅದರ ಮೇಲೆ ನಾಲ್ಕು ಬೆರಳು ಹೂವು ಅಥವಾ ಹಸಿರು ಸೊಪ್ಪು, ಮೇಲೆ ಸಗಣಿ ಕದಡಿದ ನೀರು, ಒಂದು ಹಿಡಿ ಹೊಲದ ಮಣ್ಣು, ಹೀಗೆ ತುಂಬುವವರೆಗೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಹಸಿರಿನಲ್ಲಿ ಸಾರಜನಕ ಹೆಚ್ಚು. ಇಂಗಾಲ 25ರಿಂದ 30 ಪಾಲಿಗೆ ಸಾರಜನಕ ಒಂದು ಪಾಲು ಇದ್ದರೆ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ತೂಗಿ ಅಳೆಯುವ ಅಗತ್ಯವಿಲ್ಲ, ಮೂಗೇ ಹೇಳುತ್ತದೆ. ಅಮೋನಿಯ ವಾಸನೆ ಬಂದರೆ ಒಣ ಎಲೆ ಕಡಿಮೆಯಾಗಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ಕಟ್ಟಿದೆ, ಮಗುಚಿ. ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು. ನಾಲ್ಕನೇ ದಿನ ಒಂದು ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿದರೆ ಕೈ ಹಿಡಿಯಲಾಗದಷ್ಟು ಬಿಸಿ. 55 ಡಿಗ್ರಿ ದಾಟಿದ ಶಾಖದಲ್ಲಿ ಕಳೆಯ ಬೀಜ ಸಾಯುತ್ತದೆ. ಹದಿನೈದು ದಿನಕ್ಕೊಮ್ಮೆ ಹೊರಗಿನದು ಒಳಗೆ, ಒಳಗಿನದು ಹೊರಗೆ ಮಗುಚಿದೆವು. ಮೂರು ತಿಂಗಳಿಗೆ ಕಪ್ಪಾಗಿ, ಮೊದಲ ಮಳೆಯ ವಾಸನೆ ಬಂತು. ಅನುಮಾನವಿದ್ದರೆ ಒಂದು ಚಿಪ್ಪಿನಲ್ಲಿ ಗೊಬ್ಬರ ಹಾಕಿ ಹತ್ತು ಮೆಂತ್ಯದ ಕಾಳು ಬಿತ್ತಿ. ಎಂಟಾದರೂ ಮೊಳೆತರೆ ಸಿದ್ಧ, ಇಲ್ಲದಿದ್ದರೆ ಇನ್ನೂ ಕಾಯಿರಿ.

ಜೀವಾಮೃತದ ಬಗ್ಗೆ ಹಲವರು ಕೇಳುತ್ತೀರಿ. ಮಾಡಿ ಹಾಕಿದ್ದೇವೆ, ಕೆಡುಕೇನೂ ಆಗಲಿಲ್ಲ. ಆದರೆ 200 ಲೀಟರ್ ನೀರಿಗೆ 10 ಕಿಲೋ ಸಗಣಿ ಎಂದರೆ ಅದರಿಂದ ಮಣ್ಣಿಗೆ ಸೇರುವ ಇಂಗಾಲ ಬಹಳ ಕಡಿಮೆ. ಎಲೆ, ಗೊಬ್ಬರ ಇರುವ ಮಣ್ಣಿಗೆ ಅದು ಸಹಾಯವಾಗಬಹುದು, ಖಾಲಿ ಮಣ್ಣಿಗೆ ಅದೊಂದೇ ಸಾಲದು ಎಂದು ನಮ್ಮ ಅನಿಸಿಕೆ.

ಹದ

ಗೊಬ್ಬರ ಕೊಳೆಯುತ್ತಿದ್ದಾಗಲೇ ಹಿತ್ತಲಿನ ಕೆಲಸ ನಡೆಯಿತು. ಮೊದಲು ಗಾರೆ, ಇಟ್ಟಿಗೆ, ಟೈಲ್ಸ್ ಚೂರು ಆರಿಸಿದೆವು. ಇದಕ್ಕೆ ಅಡ್ಡದಾರಿ ಇಲ್ಲ. ಗಾರೆ ಮಣ್ಣಲ್ಲೇ ಇದ್ದರೆ ರಸಸಾರ ಇಳಿಯುವುದೇ ಇಲ್ಲ. ರಸಸಾರ ಹೆಚ್ಚಿದ್ದರೆ ಮಣ್ಣಲ್ಲಿ ಕಬ್ಬಿಣ, ಸತು ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದೇ ಕಾಯಿಲೆ.

ಆಮೇಲೆ ಪಿಕಾಸಿ. ಆಗಸ್ಟ್ ಕೊನೆಯಲ್ಲಿ ಮಳೆ ಬಿದ್ದ ಮರುದಿನವೇ ಉತ್ಸಾಹದಿಂದ ಇಳಿದೆವು. ಮಣ್ಣು ಗುದ್ದಲಿಗೆ ಅಂಟಿ ಮುದ್ದೆ ಮುದ್ದೆಯಾಗಿ ಎದ್ದು, ಒಣಗಿದಾಗ ಹಸಿ ಇಟ್ಟಿಗೆಯಾಯಿತು. ಪೂರ್ತಿ ಒಣಗಿದಾಗ ಅಗೆದರೆ ಧೂಳು. ನಡುವೆ ಒಂದು ದಿನ ಇರುತ್ತದೆ, ಅದೇ ಹದ. ಹಿಡಿ ಮಣ್ಣು ಹಿಸುಕಿದರೆ ಉಂಡೆಯಾಗಬೇಕು, ಹೆಬ್ಬೆರಳಿನಿಂದ ತಟ್ಟಿದರೆ ಉದುರಬೇಕು. ಆ ದಿನ ಒಂದಡಿ ಆಳಕ್ಕೆ ಸಡಿಲ ಮಾಡಿ. ಅದಾದ ಮೇಲೆ ಅಲ್ಲಿ ಕಾಲಿಡಬೇಡಿ. ಪಾತಿಗಳನ್ನು ನಾಲ್ಕಡಿಗಿಂತ ಅಗಲ ಮಾಡಬೇಡಿ, ಎರಡೂ ಕಡೆಯಿಂದ ಕೈ ಎಟುಕಿದರೆ ಒಳಗೆ ತುಳಿಯುವ ಪ್ರಸಂಗವೇ ಬರುವುದಿಲ್ಲ. ಜ್ಞಾನೋಪದೇಶದ ಮಕ್ಕಳಿಗೆ ಮಾತ್ರ ಇದನ್ನು ಇನ್ನೂ ಕಲಿಸಲಾಗಿಲ್ಲ.

ಸೆಪ್ಟೆಂಬರ್ ಮೊದಲ ವಾರ ಹುರುಳಿ, ಅಲಸಂದೆ ಬೆರೆಸಿ ದಟ್ಟವಾಗಿ ಚೆಲ್ಲಿದೆವು. ತಿನ್ನುವುದಕ್ಕಲ್ಲ, ಮಣ್ಣಿಗೇ ಉಣಿಸುವುದಕ್ಕೆ. ಬಡ ಕೆಮ್ಮಣ್ಣಿಗೆ ಹುರುಳಿಗಿಂತ ಹೊಂದುವ ಬೆಳೆ ಇಲ್ಲ. 45 ದಿನಕ್ಕೆ, ಹೂ ಬಿಡುವ ಹೊತ್ತಿಗೆ ಕೊಯ್ದು ಚಿಕ್ಕದಾಗಿ ಕತ್ತರಿಸಿ ಮಣ್ಣಿಗೆ ಮಗುಚಿದೆವು. ಕಾಯಿ ಕಟ್ಟಲು ಬಿಟ್ಟರೆ ಸಾರವೆಲ್ಲ ಕಾಳಿಗೆ ಹೋಗುತ್ತದೆ. ಮಗುಚಿದ ಕೂಡಲೇ ಬಿತ್ತಬಾರದು, ಎರಡು ವಾರ ಕೊಳೆಯಲು ಬಿಡಬೇಕು. ರಸ್ತೆ ಬದಿಯ ಹೊಂಗೆ ಸೊಪ್ಪನ್ನೂ ತಂದು ಸೇರಿಸಿದೆವು. ಡಿಸೆಂಬರ್ ಮೊದಲಲ್ಲಿ ಕೊಳೆತ ಗೊಬ್ಬರ. ತರಕಾರಿಗೆ ಹೆಕ್ಟೇರಿಗೆ 25 ಟನ್ ಎಂಬುದು ಸಾಮಾನ್ಯ ಶಿಫಾರಸು, ಅಂದರೆ ಚದರ ಮೀಟರಿಗೆ ಎರಡೂವರೆ ಕಿಲೋ. ಹತ್ತಡಿ ಉದ್ದ ನಾಲ್ಕಡಿ ಅಗಲದ ಪಾತಿಗೆ ಒಂಬತ್ತು ಕಿಲೋ, ಒಂದು ಮಂಕರಿ ಅಂದುಕೊಳ್ಳಿ. ನಮ್ಮದು ಖಾಲಿ ಮಣ್ಣಾದ್ದರಿಂದ ಎರಡು ಮಂಕರಿ ಹಾಕಿದೆವು. ಮೇಲೆ ಎರಡು ಬೆರಳು ದಪ್ಪ ಒಣ ಎಲೆ ಹೊದಿಕೆ. ರಾಗಿ ಹುಲ್ಲು ಇನ್ನೂ ಚೆನ್ನ, ಆದರೆ ಹಸು ಇರುವ ಮನೆಯಿಂದ ಅದನ್ನು ಕೇಳುವುದು ನ್ಯಾಯವಲ್ಲ.

ಕೆರೆ ಹೂಳು ಹಾಕಿಲ್ಲವೇ ಎಂದು ಹಿರಿಯರು ಕೇಳಿದರು. ಹಿಂದೆ ಬೇಸಿಗೆಯಲ್ಲಿ ಕೆರೆಯ ಗೋಡು ತಂದು ಕೆಮ್ಮಣ್ಣಿನ ಹೊಲಕ್ಕೆ ಹರಡುತ್ತಿದ್ದರು, ನೀರು ಹಿಡಿಯುವ ಶಕ್ತಿ ಬರುತ್ತಿತ್ತು. ಈಗ ಯಾವ ಕೆರೆ ಎಂದು ನೋಡಿ ತರಬೇಕು. ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆ ಹೊತ್ತು ಬರುತ್ತಾಳೆ. ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆ ತೇಲುವುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಕಾರ್ಖಾನೆ ನೀರು, ಚರಂಡಿ ನೀರು ಸೇರುವ ಕೆರೆಯ ಹೂಳು ತರಕಾರಿ ತೋಟಕ್ಕೆ ಬೇಡವೇ ಬೇಡ. ಮಳೆ ನೀರು ಮಾತ್ರ ತುಂಬುವ ಹಳ್ಳಿ ಕೆರೆ ಸಿಕ್ಕರೆ, ಪಂಚಾಯಿತಿ ಒಪ್ಪಿಗೆ ಪಡೆದು ತರಬಹುದು.

ಈಗ ಎಲ್ಲಿದ್ದೇವೆ

ಡಿಸೆಂಬರ್‌ನಲ್ಲಿ ಮೆಂತ್ಯ, ದಂಟು ಮಾತ್ರ ಬಿತ್ತಿದೆವು. ಸೊಪ್ಪಿನ ಬೇರು ಆಳಕ್ಕೆ ಹೋಗುವುದಿಲ್ಲ, ತಿಂಗಳೊಳಗೆ ಗೊತ್ತಾಗುತ್ತದೆ. ಆರು ಪಾತಿಗಳಲ್ಲಿ ನಾಲ್ಕು ಚೆನ್ನಾಗಿ ಬಂದವು. ಫೆಬ್ರವರಿಯ ಮೊದಲ ಶುಕ್ರವಾರ 11 ಮನೆಗೂ ಒಂದೊಂದು ಕಟ್ಟು ಸೊಪ್ಪು ಹೋಯಿತು. ದೊಡ್ಡ ವಿಷಯವಲ್ಲ, ಮಾರುಕಟ್ಟೆಯಲ್ಲಿ ಹತ್ತು ರೂಪಾಯಿಗೆ ಸಿಗುವುದೇ. ಆಗಸ್ಟ್‌ನಲ್ಲಿ ನಮ್ಮನ್ನು ಸಮಾಧಾನ ಮಾಡಿದ್ದ ಅಜ್ಜಿ ಕಟ್ಟು ಬಿಚ್ಚಿ ಬೇರು ನೋಡಿದರು, ಎಲೆಯಲ್ಲ. "ಬೇರು ನೆಟ್ಟಗೈತೆ" ಅಂದರು.

ಐದನೆಯ ಪಾತಿ ಸುಮಾರು. ಗೋಡೆ ಪಕ್ಕದ ಆರನೆಯದು ಇನ್ನೂ ಹಳದಿ. ಅಲ್ಲಿ ಗಾರೆ ಕಲಸಿದ್ದರು ಅನಿಸುತ್ತದೆ. ಅರ್ಧ ಅಡಿ ಮಣ್ಣನ್ನೇ ತೆಗೆದು ಬೇರೆ ತುಂಬಬೇಕೋ, ಇನ್ನೊಂದು ಹುರುಳಿ ಬೆಳೆದು ನೋಡಬೇಕೋ ಎಂದು ನಮ್ಮಲ್ಲೇ ಜಗಳವಿದೆ. ಗಂಧಕ ಹಾಕಿದರೆ ರಸಸಾರ ಇಳಿಯುತ್ತದೆ, ನಿಧಾನವಾಗಿ, ತಿಂಗಳುಗಟ್ಟಲೆ. ಟೊಮೇಟೊ, ಬದನೆ ಮೇ ತಿಂಗಳವರೆಗೆ ಇಲ್ಲ. ಅವು, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬ. ಒಂದೇ ಪಾತಿಯಲ್ಲಿ ಒಂದಾದ ಮೇಲೊಂದು ನೆಟ್ಟರೆ ಸೊರಗು ರೋಗ ಮಣ್ಣಲ್ಲೇ ಕಾದು ಕೂರುತ್ತದೆ. ಹಾಗಾಗಿ ಸೊಪ್ಪಿನ ನಂತರ ಬೀನ್ಸ್, ಆಮೇಲೆ ಅವು.

ಮೇ 15 ರೈತ ಸಂತ ಇಸಿದೋರರ ಹಬ್ಬ. ಮ್ಯಾಡ್ರಿಡ್ ಬಳಿ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದ ಆ ಮನುಷ್ಯನನ್ನು 1622ರಲ್ಲಿ ಸಂತ ಇಗ್ನಾಸಿ, ಸಂತ ಫ್ರಾನ್ಸಿಸ್ ಝೇವಿಯರರ ಜೊತೆಗೇ ಸಂತರ ಸಾಲಿಗೆ ಸೇರಿಸಲಾಯಿತು. ನಮ್ಮ ಪಂಚಾಂಗದಲ್ಲಿ ಅದು ಕೃತ್ತಿಕೆ ಮಳೆಯ ಕಾಲ. ಆ ಹೊತ್ತಿಗೆ ಆರೂ ಪಾತಿ ಸಿದ್ಧವಿರಬೇಕು ಎಂದು ಯೋಜನೆ.

ಅದಕ್ಕೆ ನಿಮ್ಮಿಂದ ಬೇಕಾಗಿರುವುದು ಇಷ್ಟು. ಗರಿಗಳ ಭಾನುವಾರದ ತೆಂಗಿನ ಗರಿ, ಪಾಸ್ಖದ ಹೂವು ಎಸೆಯಬೇಡಿ. ದಾರ ಬಿಡಿಸಿ ಸಭಾಂಗಣದ ಹಿಂದಿನ ತೊಟ್ಟಿಗೆ ಹಾಕಿ. ಮುಂದಿನ ವರ್ಷದ ವಿಭೂತಿ ಬುಧವಾರಕ್ಕೆ ಸುಡಬೇಕಾದ ಗರಿಯನ್ನು ಗುರುಗಳು ಬೇರೆ ಎತ್ತಿಡುತ್ತಾರೆ, ಅದು ನಮ್ಮ ತೊಟ್ಟಿಗೆ ಬರುವುದಿಲ್ಲ. ಮನೆಯಲ್ಲಿ ಹಸು ಇರುವವರು ವಾರಕ್ಕೊಂದು ಬಕೆಟ್ ಸಗಣಿ ಕೊಟ್ಟರೆ ಬಂದು ಒಯ್ಯುತ್ತೇವೆ. ನಿಮ್ಮ ಹಿತ್ತಲಿನ ಮಣ್ಣು ಅನುಮಾನವಾದರೆ ಒಂದು ಬಾಟಲಿಯಲ್ಲಿ ತನ್ನಿ, ವಿನೆಗರ್ ನಮ್ಮ ಹತ್ತಿರ ಇದೆ. ಶನಿವಾರ ಸಂಜೆ ನಾಲ್ಕಕ್ಕೆ ಎರಡನೇ ತೊಟ್ಟಿ ಮಗುಚುತ್ತೇವೆ. ಹಳೆಯ ಬಟ್ಟೆಯಲ್ಲಿ ಬನ್ನಿ.